ಅಯಸ್ಕಾಂತದ ಕೋಣೆ

ನನ್ನ ಹಿರಿಯ ಮಗ ಕೆಂಪರಾಜ ಲಾರಿಗೆ ಸಿಕ್ಕಿ ಸತ್ತಾಗ ಸ್ಕ್ಯಾನಿಂಗ್ ಬಸ್ಸು ನಮ್ಮೂರ ಶಾಲೆಯ ಬಯಲಿನಲ್ಲಿ ನಿಂತಿತ್ತು. ದೇವನಹಳ್ಳಿ ಸೀಮೆಯ ಸಾವಿರಾರು ಜನರ ಮಿದುಳು, ಹೃದಯಗಳ ಚಿತ್ರ ತೆಗೆದು, ಯಾವ ಕಾಯಿಲೆ ಯಾರಿಗೆ ಏಕೆ ಬರುತ್ತದೆಂದು ಅಧ್ಯಯನ ಮಾಡುವವರ ಬಸ್ಸು ಅದು. ಒಳಗಿನ ಯಂತ್ರ ಭಾರಿ ಅಯಸ್ಕಾಂತ. ಮೈಮೇಲೆ ಲೋಹ ಇರುವಂತಿಲ್ಲ. ಕೆಂಪರಾಜನ ಹೆಂಡತಿ ಅಕ್ಷತ ಸ್ಕ್ಯಾನಿಂಗಿಗೆಂದು ತಾಳಿ ಬಿಚ್ಚುವ ಮೊದಲು ನನ್ನ ಹೆಂಡತಿ ಮುನಿಗಂಗಮ್ಮ ತಾನೇ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಅವಳ ಕೊರಳಿಗೆ ಹಾಕಿದ್ದಳು. ಮರುದಿನವೇ ಕೆಂಪರಾಜ ಹೋದ.

ತಿಥಿಯ ಮಧ್ಯಾಹ್ನ ಕಿರಿಯ ಮಗ ಬೀರೇಶ ಕುಡಿದು ಬಂದ. ಅತ್ತಿಗೆಯ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಗುದ್ದಿದ.

"ತಾಳಿ ಬಿಚ್ಚಿ ನಮ್ಮಣ್ಣನ್ನ ತಿಂದ್ಕೊಂಡ್ಯಲ್ಲೇ!"

"ಅತ್ತೆ ಕೊಂಬು ಕಟ್ಟಿದ್ರು ಕಣೋ, ಅವರನ್ನೇ ಕೇಳು!"

ಮುನಿಗಂಗಮ್ಮ ಮುಖ ತಿರುಗಿಸಿಕೊಂಡಳು. ನಾನು ಅಡ್ಡ ಹೋದೆ. ಮಗ ನನ್ನ ಎದೆಗೆ ಒದ್ದ. ಅಷ್ಟರಲ್ಲಿ ಅಕ್ಷತ ರಕ್ತ ಸುರಿಸುತ್ತ ಬಸ್ಸಿನತ್ತ ಓಡಿದಳು. ಬೀರೇಶ ಮಚ್ಚು ಹಿಡಿದು ಹಿಂದೆ ಬಿದ್ದ. ನಾನು ಏಳುತ್ತ ಬೀಳುತ್ತ ಹೋದೆ.

ಯಂತ್ರ ನೋಡಿಕೊಳ್ಳುವ ಜ್ಯೋತಿಲಕ್ಷ್ಮಿ ಅವಳನ್ನು ಒಳಗೆ ತಳ್ಳಿ ಬಾಗಿಲಲ್ಲಿ ನಿಂತಿದ್ದಳು. "ಅಣ್ಣಾ, ಕಬ್ಬಿಣ ತರಬೇಡಿ, ಮಿಷನ್ ಎಳ್ಕೊಂಡ್ಬಿಡುತ್ತೆ!"

"ಎಳ್ಕೊಳ್ಳಿ ಬಿಡಮ್ಮೋ, ನೋಡೇಬಿಡಾಣ!"

ಮಚ್ಚಿನ ಹಿಂಬದಿಯಿಂದ ಜ್ಯೋತಿಲಕ್ಷ್ಮಿಯ ತೋಳಿಗೆ ಹೊಡೆದ. ಮೂಳೆ ಮುರಿದ ಸದ್ದು ನನಗೂ ಕೇಳಿತು. ಒಳಗೆ ನುಗ್ಗಿ, ಅಯಸ್ಕಾಂತದ ಕೋಣೆಯ ನೆಲದ ಮೇಲೆ ಮುದುಡಿ ಕೂತಿದ್ದ ಅಕ್ಷತಳ ಮೇಲೆ ಮಚ್ಚು ಎತ್ತಿದ. ಅದು ಅವಳ ಮೇಲೆ ಇಳಿಯಲಿಲ್ಲ. ಗಾಳಿಯಲ್ಲೇ ತಿರುಗಿ, ಅವನನ್ನೂ ಎಳೆದುಕೊಂಡು ಯಂತ್ರಕ್ಕೆ ಅಪ್ಪಳಿಸಿತು. ಬೆರಳುಗಳು ಅಲಗಿನಡಿ ಸಿಕ್ಕಿ ಕತ್ತರಿಸಿಹೋದವು. "ಅಪ್ಪಾ!" ಎಂದು ಕೂಗಿಕೊಂಡ. ಬಿಳಿಯ ಯಂತ್ರದ ತುಂಬ ರಕ್ತ.

ಪೊಲೀಸರು ಬಂದರು. ಮುನಿಗಂಗಮ್ಮ ನನ್ನ ರಟ್ಟೆ ಹಿಡಿದು ಪಿಸುಗುಟ್ಟಿದಳು: "ಕುಡಿದು ಬಿದ್ಬಿಟ್ಟ ಅನ್ನಿ. ಇರೋನೊಬ್ಬನ್ನೂ ಜೈಲಿಗೆ ಕಳಿಸ್ಬ್ಯಾಡಿ."

ತಲೆಗೆ ಬಟ್ಟೆ ಕಟ್ಟಿಕೊಂಡ ಅಕ್ಷತ ನನ್ನನ್ನೇ ನೋಡುತ್ತಿದ್ದಳು. ನಾನು ಸುಳ್ಳು ಹೇಳಿದರೆ ಬೀರೇಶ ಇರುವ ಮನೆಗೇ ಅವಳು ಹಿಂದಿರುಗಬೇಕಿತ್ತು. ಬೆಳಿಗ್ಗೆ ತಾನೇ ಅವಳ ಗಂಡನಿಗೆ ಎಡೆಯಿಟ್ಟು ಕೈಮುಗಿದಿದ್ದೆ.

"ಮನೆದೇವ್ರು ಬೀರಪ್ಪನಾಣೆ ಸ್ವಾಮಿ," ಎಂದೆ. "ನನ್ನ ಮಗ ಇವಳನ್ನ ಕೊಲ್ಲಾಕೇ ಬಂದಿದ್ದ. ಬರ್ಕೊಳ್ಳಿ."

ಹೆಂಡತಿ ಊರಿನವರೆದುರೇ ನನ್ನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ನಾನು ತಡೆಯಲಿಲ್ಲ. ಅವಳ ಕೈ ಸೋತ ಮೇಲೆ ಅಕ್ಷತಳನ್ನು ಹಿಡಿದು ಆಂಬುಲೆನ್ಸ್ ಹತ್ತಿಸಿದೆ. ಮುಂದಿನ ಗಾಡಿಯಲ್ಲಿ ಬೀರೇಶ ಇನ್ನೂ ನನ್ನನ್ನು ಕರೆಯುತ್ತಿದ್ದ.