ಹಿಂದಿನಿಂದ ಕರೆದಾಗ

ಮೋಟೆಬೆನ್ನೂರಿನ ಶಬನಮ್‌ಗೆ ಇದ್ದದ್ದು ಒಂದೇ ಆಸೆ. ಮಗಳು ಮುಸ್ಕಾನ್ ತನ್ನನ್ನು "ಅಮ್ಮಿ" ಅಂತ ಒಮ್ಮೆ ಕರೆಯಬೇಕು.

ಮುಸ್ಕಾನ್‌ಗೆ ಎರಡು ವರ್ಷ ದಾಟಿತ್ತು. ನಗುತ್ತಿದ್ದಳು, ಅಂಗಳದ ತುಂಬ ಓಡುತ್ತಿದ್ದಳು, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಮಾತು ಮಾತ್ರ ಇಲ್ಲ. ಪಕ್ಕದ ಮನೆಯ ಕೂಸು ಇನ್ನೂ ಚಿಕ್ಕದು. ಅದು ಬಾಗಿಲಲ್ಲಿ ನಿಂತು "ಅವ್ವಾ" ಅಂತ ಕೂಗಿದರೆ, ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಶಬನಮ್‌ಳ ಕೈ ನಿಂತುಬಿಡುತ್ತಿತ್ತು. ತನ್ನನ್ನಲ್ಲ ಕರೆದದ್ದು ಅಂತ ಗೊತ್ತಿದ್ದರೂ ತಲೆ ಎತ್ತಿ ನೋಡುತ್ತಿದ್ದಳು.

"ಯಾಕ ಚಿಂತಿ ಮಾಡ್ತೀ?" ಎನ್ನುತ್ತಿದ್ದರು ಅತ್ತೆ ಖತೀಜಾಬಿ. "ನಿನ್ನ ಗಂಡ ಅಸ್ಲಮ್ ಮಾತಾಡಿದ್ದೂ ತಡಾನ. ಈಗ ಅವನ ಬಾಯಿ ಮುಚ್ಚಸಾಕ ಆಗವಲ್ದು."

ಒಂದು ದಿನ ಅಂಗನವಾಡಿ ಟೀಚರ್ ಮೈಲವ್ವ ಮನೆಗೆ ಬಂದಳು.

"ಶಬನಮ್, ನಾಳೆ ಬ್ಯಾಡಗಿಯೊಳಗ ಮಕ್ಕಳ ಬೆಳವಣಿಗಿ ಬಗ್ಗೆ ತರಬೇತಿ ಐತಿ. ನಾವು ಟೀಚರ್ರೂ ಹೊಂಟೇವಿ, ತಂದಿ-ತಾಯಿನೂ ಕರದಾರ. ಬಾ ನೀನೂ."

ಖತೀಜಾಬಿ ನಕ್ಕರು. "ಕೂಸು ಬೆಳಸಾಕ ತರಬೇತಿ ಏನ್ ಬಂತು ಅಕ್ಕೋರ? ನಾನು ಮಕ್ಕಳನ್ನ ದೊಡ್ಡವ್ರನ್ನ ಮಾಡಿದ್ದು ಯಾವ ಸಾಲಿಗೆ ಹೋಗಿ?"

"ನನಗೂ ಹಂಗ ಅನಸ್ತಿತ್ತು, ಖತೀಜಮ್ಮಾ," ಎಂದಳು ಮೈಲವ್ವ. "ಹ್ವಾದ ಸರ್ತಿ ಹೋಗಿ ಬಂದಮ್ಯಾಲೆ ಗೊತ್ತಾತು. ನಿಮ್ಮ ಮುಸ್ಕಾನ್ ಅಂಗನವಾಡಿಗೆ ಬಂದಾಗೆಲ್ಲಾ 'ಭಾಳ ಶಾಣ್ಯಾ ಹುಡುಗಿ, ಗದ್ಲ ಇಲ್ಲ' ಅಂತ ಹೊಗಳ್ತಿದ್ದೆ. ಯಾಕ ಸುಮ್ಮನ ಇರ್ತಾಳ ಅಂತ ಕೇಳೇ ಇರಲಿಲ್ಲ ನಾನು."

ಶಬನಮ್ ಹೋದಳು.

ತರಬೇತಿ ಕೊಡಲು ರಾಣೆಬೆನ್ನೂರಿನಿಂದ ಬಂದಿದ್ದ ಮೃಣಾಲಿನಿ ಮೇಡಂ ಎಲ್ಲರನ್ನೂ ನೆಲದ ಮೇಲೆ ಸುತ್ತ ಕೂಡಿಸಿದ್ದರು. ನಡುವೆ ಸ್ಟೀಲ್ ಬಟ್ಟಲು, ಹಳೇ ಬಟ್ಟೆ, ಬಾಟಲಿ ಮುಚ್ಚಳ. ಇಷ್ಟರಲ್ಲೇ ಮಕ್ಕಳ ಜೊತೆ ಏನೇನು ಆಡಬಹುದು, ಆಡುತ್ತಾ ಏನೇನು ಮಾತಾಡಬಹುದು ಅಂತ ತೋರಿಸಿದರು. ತಾಯಂದಿರು ಕೂಸಾಗಿ ಆಡಿದರು, ಟೀಚರ್‌ಗಳು ತಾಯಂದಿರಾದರು. ನಗೆಯೋ ನಗೆ. ಆಮೇಲೆ ಮೇಡಂ ಕೇಳಿದರು: "ನಿಮ್ಮ ಮುಖ ಕಾಣದಂಗ ಹಿಂದ ನಿಂತು, ಮೆಲ್ಲಕ ಹೆಸರು ಕರದ್ರ ಕೂಸು ತಿರುಗಿ ನೋಡ್ತದೇನ್ರಿ?"

ಶಬನಮ್ ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಅವಳ ನಗು ಅಲ್ಲೇ ನಿಂತಿತು.

ಮನೆಗೆ ಬಂದಾಗ ಮುಸ್ಕಾನ್ ಬೆನ್ನು ಮಾಡಿ ಕೂತು ಮಣ್ಣಲ್ಲಿ ಆಡುತ್ತಿದ್ದಳು. ಶಬನಮ್ ಹಿಂದೆ ನಿಂತು ಕರೆದಳು. "ಮುಸ್ಕಾನ್." ಇಲ್ಲ. "ಬೇಟಾ, ಮುಸ್ಕಾನ್." ಇಲ್ಲ. ಮುಂದೆ ಬಂದು ಕೂತಳು. ತಾಯಿಯ ಮುಖ ಕಂಡದ್ದೇ ಮಗು ಕೈ ಚಾಚಿ ನಕ್ಕಿತು. ಇಷ್ಟು ದಿನ ತಾನು ಆಡಿದ ಮುದ್ದು ಮಾತುಗಳಲ್ಲಿ ಎಷ್ಟು ಈ ಕಿವಿಗೆ ಮುಟ್ಟಿರಬಹುದು? ಮಗುವನ್ನು ಎತ್ತಿಕೊಂಡು ಶಬನಮ್ ಒಳಗೆ ಹೋಗಿ ಅತ್ತೆಗೂ ಗಂಡನಿಗೂ ಹೇಳಿದಳು.

ಖತೀಜಾಬಿ ಒಪ್ಪಲಿಲ್ಲ. "ತಾಟು ಬಿದ್ರ ಬೆಚ್ಚಿಬೀಳ್ತಾಳ. ಕಿವಿ ಕೇಳಂಗಿಲ್ಲ ಅಂದ್ರ ಹೆಂಗ?"

ಮೈಲವ್ವನನ್ನು ಕರೆಸಿದರು. "ದೊಡ್ಡ ಸಪ್ಪಳ ಕೇಳ್ತಿರಬಹುದು ಅಮ್ಮಾ," ಎಂದಳು ಅವಳು. "ಆದ್ರ ಸಣ್ಣ ದನಿ ಕೇಳಲಿಲ್ಲಂದ್ರ ಮಾತು ಹೆಂಗ ಕಲೀಬೇಕು? ಏನೂ ತೊಂದ್ರಿ ಇಲ್ದನೂ ಇರಬಹುದು. ತೋರಿಸಿದ್ರ ಖರೇ ಏನು ಅಂತ ಗೊತ್ತಾಗ್ತದ. ಇದರಾಗ ಯಾರದೂ ತಪ್ಪಿಲ್ಲ. ತಡಾ ಮಾತ್ರ ಮಾಡಬ್ಯಾಡ್ರಿ."

ದಿನಾ ಮಾರ್ಕೆಟ್‌ಗೆ ಗಾಡಿ ಹೊಡೆಯುವ ಅಸ್ಲಮ್ ಎದ್ದ. "ನಾಳೆ ಗಾಡಿ ಮಾರ್ಕೆಟ್‌ಗೆ ಒಯ್ಯಂಗಿಲ್ಲ. ಹಾವೇರಿಗೆ ಹೋಗೂಣು."

ಹಾವೇರಿಯ ದೊಡ್ಡಾಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಆಯಿತು. ಮುಸ್ಕಾನ್‌ಗೆ ಸಾಮಾನ್ಯ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಡಾಕ್ಟರ್ ಹೇಳಿದಂತೆ ಕಿವಿಗೆ ಮಷೀನು ಬಂತು. ಹಾಕಿದ ದಿನ ಅವಳು ಅತ್ತಳು, ಕಿತ್ತೆಸೆದಳು. ಮಷೀನು ಹಾಕಿದ ಕೂಡಲೇ ಮಾತು ಬರುವುದಿಲ್ಲ, ಮನೆಯವರೆಲ್ಲ ಕಲಿಸಬೇಕು ಅಂತ ಡಾಕ್ಟರ್ ಮೊದಲೇ ಹೇಳಿದ್ದರು.

ಆಮೇಲೆ ನಡೆದ ತರಬೇತಿಗಳಿಗೂ ಶಬನಮ್ ಹೋದಳು. ಈಗ ಅಸ್ಲಮ್ ಕೂಡ ಹೋದ. ಮಗು ಸುಮ್ಮನಿರಲಿ ಅಂತ ಕೈಗೆ ಮೊಬೈಲ್ ಕೊಡುವುದು ನಿಂತಿತು. ಎದುರು ಕೂತು, ಮುಖ ನೋಡಿ, "ಇದು ರೊಟ್ಟಿ, ಬಿಸಿ ಐತಿ" ಅಂತ ಮಾಡುವ ಕೆಲಸವನ್ನೆಲ್ಲ ಹೇಳುವುದು. ಕೇಳಿದ ಮೇಲೆ ಉತ್ತರಕ್ಕೆ ಕಾಯುವುದು. ಕಾಯುವುದೇ ಕಷ್ಟದ ಕೆಲಸ. ಮೈಲವ್ವನೂ ಅಂಗನವಾಡಿಯಲ್ಲಿ ಮುಸ್ಕಾನ್‌ಳನ್ನು ತನ್ನ ಎದುರಿಗೇ ಕೂಡಿಸಿಕೊಂಡಳು.

ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಖತೀಜಾಬಿ ಒಲೆಯ ಮುಂದೆ ಕೂತಿದ್ದರು. ಅಂಗಳಕ್ಕೆ ಕೋಳಿ ಬಂದಿತ್ತು. ಮುಸ್ಕಾನ್ ಓಡಿ ಬಂದು ಅಜ್ಜಿಯ ಸೆರಗು ಜಗ್ಗಿದಳು.

"ಬಾ."

ಖತೀಜಾಬಿಯ ಕೈಯ ಹಿಟ್ಟು ಕೈಯಲ್ಲೇ ಉಳಿಯಿತು. "ಶಬನಮ್! ಕೇಳಿದೇನ? ನನ್ನನ್ನ ಬಾ ಅಂದ್ಲು!" ಎದ್ದವರೇ ಮೊಮ್ಮಗಳ ಹಿಂದೆ ಕೋಳಿ ನೋಡಲು ನಡೆದರು, ಕಣ್ಣೊರೆಸಿಕೊಳ್ಳುತ್ತ.

"ಅಮ್ಮಿ" ಎಂಬ ಮಾತು ಇನ್ನೂ ಬಂದಿಲ್ಲ. ಶಬನಮ್ ಕಾಯುತ್ತಿದ್ದಾಳೆ. ಆದರೆ ಈಗ ಬರೀ ಕಾಯುತ್ತಿಲ್ಲ, ದಿನಾ ಕಲಿಸುತ್ತ ಕಾಯುತ್ತಿದ್ದಾಳೆ. ಖತೀಜಾಬಿಯಂತೂ ಓಣಿಯಲ್ಲಿ ಕಂಡ ಸೊಸೆಯಂದಿರಿಗೆಲ್ಲ ಹೇಳುತ್ತಾರೆ: "ತರಬೇತಿಗೆ ಹೋಗ್ರಿ. ಅತ್ತೀನೂ ಕರಕೊಂಡು ಹೋಗ್ರಿ."

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮ್ಮ ಮನೆಯ ಕೂಸು ಕರೆದರೂ ತಿರುಗಿ ನೋಡದಿದ್ದರೆ, ಎರಡು ವರ್ಷವಾದರೂ ಎರಡು ಮಾತು ಕೂಡಿಸಿ ಹೇಳದಿದ್ದರೆ, ದೊಡ್ಡದಾದರೆ ಸರಿಹೋದೀತು ಅಂತ ಕೂರಬೇಡಿ. ಅಂಗನವಾಡಿ ಟೀಚರ್‌ಗೆ, ಆಶಾ ಕಾರ್ಯಕರ್ತೆ ಅಕ್ಕನಿಗೆ ಹೇಳಿ. ಆಸ್ಪತ್ರೆಗೆ ತೋರಿಸಿ. ಹತ್ತಿರದಲ್ಲಿ ತರಬೇತಿ ಎಲ್ಲಿದೆ ಅಂತ ಕೇಳಿ, ಗಂಡ ಹೆಂಡತಿ ಇಬ್ಬರೂ ಹೋಗಿ. ಕೂಸಿಗೆ ತನ್ನ ಕಷ್ಟ ಹೇಳಿಕೊಳ್ಳಲು ಬರುವುದಿಲ್ಲ. ಅದನ್ನು ನೋಡಿ ತಿಳಿಯಬೇಕಾದವರು ನಾವು.