ಮುಚ್ಚಳದೊಳಗಿನ ಸಾಲು

ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗಡಿಯಾರ ರಿಪೇರಿ ಮಾಡುವ ಸೂಗಪ್ಪನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಬಿ.ಪಿ. ಇರಲಿಲ್ಲ, ಅರವತ್ತು ದಾಟಿದರೂ ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕಿರಲಿಲ್ಲ. ಅವನಿಗಿದ್ದ ಒಂದೇ ಕಾಯಿಲೆಯ ಹೆಸರು ಶಾಕೀರ್. ಅದು ಲಿಂಗಸುಗೂರಿನಲ್ಲಿ ಅಂಗಡಿ ಇಟ್ಟುಕೊಂಡಿತ್ತು, ನಲವತ್ತು ವರ್ಷದಿಂದ ವಾಸಿಯಾಗಿರಲಿಲ್ಲ.

ಇಬ್ಬರೂ ಮುದಗಲ್ಲಿನ ಮಹಬೂಬ್ ಉಸ್ತಾದರ ಶಿಷ್ಯರು. ಕೋಟೆಯ ಮಗ್ಗುಲಿನ ಅಂಗಡಿಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಕೆಲಸ ಕಲಿತವರು, ಒಂದೇ ಬುತ್ತಿ ಬಿಚ್ಚಿ ತಿಂದವರು. ಉಸ್ತಾದರು ಹೊಗಳುವುದರಲ್ಲಿ ಮಹಾ ಜಿಪುಣರು. ಆರು ವರ್ಷದಲ್ಲಿ ಶಾಕೀರನಿಗೆ ಎರಡೇ ಸಲ ‘ಶಭಾಷ್’ ಅಂದಿದ್ದರು. ಸೂಗಪ್ಪನಿಗೆ ಒಂದು ಸಲವೂ ಅಂದಿರಲಿಲ್ಲ. ಆ ಎರಡು ಶಭಾಷ್ ಯಾವ ವಾರ, ಯಾವ ವಾಚಿಗೆ ಬಂದವು, ಆಗ ಶಾಕೀರ್ ಯಾವ ಅಂಗಿ ತೊಟ್ಟಿದ್ದ ಎಂಬುದನ್ನು ಸೂಗಪ್ಪ ಇವತ್ತಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

ಉಸ್ತಾದರು ತೀರಿಕೊಂಡು ಎಷ್ಟೋ ಕಾಲವಾಯಿತು. ಹೊಟ್ಟೆಕಿಚ್ಚಿಗೆ ಅದೆಲ್ಲ ಗೊತ್ತಾಗುವುದಿಲ್ಲ. ಎರಡು ವರ್ಷದ ಹಿಂದೆ ಯಾರೋ ಶಾಕೀರನ ವಿಡಿಯೋ ಮಾಡಿ ಹಾಕಿದ ಮೇಲಂತೂ ಹುಬ್ಬಳ್ಳಿಯಿಂದ, ಹೈದರಾಬಾದಿನಿಂದ ಹಳೆಯ ವಾಚುಗಳು ಲಿಂಗಸುಗೂರಿನ ದಾರಿ ಹಿಡಿದವು. ಸೂಗಪ್ಪನಲ್ಲಿಗೆ ಬರುತ್ತಿದ್ದವರು ಸೆಲ್ ಹಾಕಿಸುವವರು, ಬೆಲ್ಟು ಬದಲಾಯಿಸುವವರು. ಅವನು ಮಾತ್ರ ಬಿಡುವು ಸಿಕ್ಕಾಗಲೆಲ್ಲ ಹೆಂಡತಿಯ ಫೋನಿನಲ್ಲಿ ಅದೇ ವಿಡಿಯೋ ನೋಡುತ್ತಿದ್ದ, ಎಲ್ಲಾದರೂ ಒಂದು ತಪ್ಪು ಸಿಕ್ಕೀತೇನೋ ಎಂದು.

“ಮತ್ತ ಅವನ ಮಾರಿನ ನೋಡಾಕತ್ತೀರೇನ್ರಿ?” ಎನ್ನುತ್ತಿದ್ದಳು ಹೆಂಡತಿ ಶೇಖರಮ್ಮ. “ಮದಿವ್ಯಾಗಿ ಇಷ್ಟು ವರ್ಷ ಆತು, ನನ್ನ ಮಾರಿ ಇಷ್ಟು ಸಲ ನೋಡಿಲ್ಲ ನೀವು.”

ಹೀಗಿರುವಾಗ ಶ್ರಾವಣದ ಒಂದು ಶನಿವಾರ ಭಾಗ್ಯಶ್ರೀ ಅಂಗಡಿಗೆ ಬಂದಳು. ಮಸ್ಕಿಯ ಶಾಲೆಯೊಂದರಲ್ಲಿ ಕನ್ನಡ ಟೀಚರು, ಹುಟ್ಟೂರು ಪಾಮನಕಲ್ಲೂರು. ಕರವಸ್ತ್ರದ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ಚಾವಿ ವಾಚು ಇಟ್ಟಳು. ಅದರ ಒಂದು ಮಗ್ಗುಲು ಒಳಕ್ಕೆ ತಗ್ಗಾಗಿತ್ತು. ಗಾಜು ಮೂಲೆಯಲ್ಲಿ ಸೀಳಿತ್ತು, ಗಂಟೆ ಮುಳ್ಳು ಬಾಗಿತ್ತು, ಡಯಲ್ಲಿನ ಮೇಲೆ ಏಳರಿಂದ ಒಂಬತ್ತರವರೆಗೆ ಕಂದು ಬಣ್ಣದ ಕಲೆಯಿತ್ತು.

“ನಮ್ಮಪ್ಪಂದ್ರಿ ಇದು, ಹವಾಲ್ದಾರ್ ಬಸವಂತರಾಯ ಅಂತ,” ಎಂದಳು. “ಎಪ್ಪತ್ತೊಂದರ ಲಡಾಯಿಯೊಳಗ ಶೆಲ್ಲಿನ ಚೂರು ಬಂದು ಇದಕ್ಕ ಬಡೀತಂತ. ವಾಚ್ ಇಲ್ದಿದ್ರ ಕೈನ ಹೋಗ್ತಿತ್ತು ಅಂತಿದ್ದ. ಆ ಕಲೆ ಅವನ ರಕ್ತದ್ದು. ಹೋದ ವರ್ಷ ಅಪ್ಪ ತೀರ್ಕೊಂಡ.”

“ನಡಿಬೇಕೇನ್ರಿ ಇದು?”

“ನಡಿಬೇಕ್ರಿ. ಆದ್ರ ಏನೂ ಅಳಿಸಬಾರ್ದು. ತಗ್ಗು ಹಂಗ ಇರ್ಲಿ, ಕಲೆ ಹಂಗ ಇರ್ಲಿ. ಪಾಲಿಷ್ ಅಂದ್ರ ನಮ್ಮಪ್ಪ ವಾಚ್ ಕೈಯಾಗ ಕೊಡ್ತಿದ್ದಿಲ್ಲ. ಒಂದೊಂದು ಗೀರಿಗೂ ಒಂದೊಂದು ಕತಿ ಹೇಳ್ತಿದ್ದ. ಗೀರು ಹೋದ್ರ ಕತಿನೂ ಹೋಗ್ತಾವ.”

“ನಾ ಏನೂ ಅಳಸಂಗಿಲ್ರಿ, ಮಾತು ಕೊಟ್ಟೀನಿ,” ಎಂದ ಸೂಗಪ್ಪ. ಎಷ್ಟೋ ವರ್ಷದ ಮೇಲೆ ಇಂಥ ಕೆಲಸ ಮೇಜಿಗೆ ಬಂದಿತ್ತು. ಅವನ ಮನಸ್ಸು ತುಂಬಿತು.

ತುಂಬಿದ್ದು ಒಂದೇ ಗಳಿಗೆ. “ಮೊದಲ ಲಿಂಗಸುಗೂರಿಗೆ, ಶಾಕೀರ್ ಕಾಕಾರ ಹತ್ರ ಒಯ್ದಿದ್ದೆ,” ಎಂದಳು ಭಾಗ್ಯಶ್ರೀ. “ಅವರು ತಗ್ಗು ಸವರಿ ನೋಡಿದ್ರು. ಇದು ಸೂಗಪ್ಪನ ಕೆಲಸ, ಅವಂಗ ಕೊಡು ಅಂದ್ರು. ಮುಚ್ಚಳದ ಒಳಗ ನೋಡಂತ ಹೇಳು ಅಂತನೂ ಹೇಳ್ಯಾರ್ರೀ.”

ಸೂಗಪ್ಪನ ಮುಖ ಬೇವು ಕಡಿದವನ ಹಾಗಾಯಿತು. ಅಂದರೆ ಇದು ಶಾಕೀರ್ ಒಲ್ಲೆನೆಂದ ಕೆಲಸ. ತನ್ನಿಂದಾಗದ್ದನ್ನು ನನ್ನ ತಲೆಗೆ ಕಟ್ಟಿ, ಕೆಟ್ಟರೆ ಸಿಂಧನೂರಿನವನು ಕೆಡಿಸಿದ ಎನ್ನಬೇಕೆಂದು ಕಳಿಸಿದ್ದಾನೆ ಎಂದು ಅವನಿಗೆ ಖಾತ್ರಿಯಾಯಿತು. ಆದರೂ ಬೇಡವೆನ್ನಲಿಲ್ಲ. ಇದನ್ನು ನಡೆಸಿ, ಒಯ್ದು ಆ ಶಾಕೀರನ ಕಿವಿಗೇ ಹಿಡಿಯಬೇಕೆಂದು ಅಲ್ಲೇ ನಿಶ್ಚಯಿಸಿಕೊಂಡ.

ಅವಳು ಹೋದ ಮೇಲೆ ಹಿಂದಿನ ಮುಚ್ಚಳ ತೆಗೆದ. ಗಡಿಯಾರದವರಲ್ಲಿ ಒಂದು ಪದ್ಧತಿಯಿದೆ. ವಾಚು ಬಿಚ್ಚಿದವನು ಮುಚ್ಚಳದ ಒಳಗೆ ಸೂಜಿಯಿಂದ ತನ್ನ ಗುರುತನ್ನೂ ವರ್ಷವನ್ನೂ ಗೀರಬೇಕು. ವಾಚು ಕಟ್ಟಿಕೊಳ್ಳುವವರಿಗೆ ಅದು ಕಾಣುವುದಿಲ್ಲ, ಮುಂದೆ ಬಿಚ್ಚುವವನಿಗಷ್ಟೇ ಕಾಣುತ್ತದೆ. ‘ಒಳಗೆ ಕೈ ಇಟ್ಟವನು ಗುರುತು ಇಡಬೇಕು, ಮುಚ್ಚಳದೊಳಗೆ ಸುಳ್ಳು ಬರೆಯಬಾರದು’ ಎಂಬುದು ಉಸ್ತಾದರು ಮೊದಲ ದಿನವೇ ಕಲಿಸಿದ ಪಾಠ.

ಈ ಮುಚ್ಚಳದಲ್ಲಿ ಉಸ್ತಾದರ ಅರ್ಧಚಂದ್ರದ ಗುರುತೇ ಇತ್ತು, ಪಕ್ಕದಲ್ಲಿ ೧೯೮೬. ಸೂಗಪ್ಪ ಅದನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಆಮೇಲೆ ಕೆಳಗೆ ನೋಡಿದ. ಕೂದಲೆಳೆಯಷ್ಟು ತೆಳುವಾಗಿ ಉರ್ದುವಿನ ಒಂದು ಸಾಲು. ಸೂಗಪ್ಪನಿಗೆ ಉರ್ದು ಆಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಬರುತ್ತಿದ್ದುದು ಒಂದೇ ಅಕ್ಷರ, ನೆತ್ತಿಯ ಮೇಲೆ ಮೂರು ಚುಕ್ಕೆಯಿರುವ ‘ಶ’. ಶಾಕೀರ್ ತನ್ನ ಇಕ್ಕಳ, ಡಬ್ಬಿ, ಬುತ್ತಿಯ ಮುಚ್ಚಳ ಎಲ್ಲದರ ಮೇಲೂ ಗೀರುತ್ತಿದ್ದ ಅಕ್ಷರ. ಸಾಲಿನ ಕೊನೆಯ ಕಡೆಗೆ ಅದು ಕೂತಿತ್ತು.

ಓಹೋ, ಮುಚ್ಚಳದ ಒಳಗೆ ನೋಡು ಅಂದದ್ದು ಇದಕ್ಕೆ! ಉಸ್ತಾದರ ಗುರುತಿನ ಕೆಳಗೆ ನನ್ನ ಹೆಸರಿದೆ, ನೋಡಿಕೋ ಅಂತ. ೧೯೮೬ರಲ್ಲಿ ಸೂಗಪ್ಪನೂ ಅದೇ ಅಂಗಡಿಯಲ್ಲಿದ್ದ. ಆದರೆ ಈ ವಾಚನ್ನು ಕಂಡಿರಲಿಲ್ಲ. ಆ ವರ್ಷ ಉಸ್ತಾದರು ತನ್ನಿಂದ ಬರೀ ಬಿಡಿಭಾಗ ಮಾಡಿಸುತ್ತಿದ್ದರು. ಮುರಿದ ತುಂಡನ್ನು ಕಾಗದದಲ್ಲಿ ಕಟ್ಟಿಕೊಟ್ಟು ಇಂಥದೇ ಇನ್ನೊಂದು ಮಾಡು ಎನ್ನುವುದು, ವಾಚು ಮಾತ್ರ ಶಾಕೀರನ ಮುಂದೆ.

ಎದುರಿನ ಬಳೆ ಅಂಗಡಿಯವರಿಗೆ ಉರ್ದು ಚೆನ್ನಾಗಿ ಓದಲು ಬರುತ್ತಿತ್ತು. ಹತ್ತು ಹೆಜ್ಜೆ ನಡೆದು ಕೇಳಿದ್ದರೆ ಮುಗಿದೇ ಹೋಗುತ್ತಿತ್ತು. ಶಾಕೀರನ ಹೊಗಳಿಕೆಯನ್ನು ಇನ್ನೊಬ್ಬರ ಬಾಯಿಂದ ಓದಿಸಿಕೊಂಡು ಕೇಳುವಷ್ಟು ಕೆಟ್ಟ ಕಾಲ ನನಗೆ ಬಂದಿಲ್ಲ ಎಂದುಕೊಂಡ ಸೂಗಪ್ಪ.

ಕೆಲಸ ಮೂರು ವಾರ ಹಿಡಿಯಿತು. ಸ್ಪ್ರಿಂಗು ಮುರಿದಿತ್ತು, ಹೈದರಾಬಾದಿನಿಂದ ತರಿಸಿದ. ಚಾವಿಯ ಕಡ್ಡಿಗೆ ತುಕ್ಕು ಹಿಡಿದಿತ್ತು, ಬಿಡಿಸಿದ. ಬಾಗಿದ ಗಂಟೆ ಮುಳ್ಳನ್ನು ನೆಟ್ಟಗೆ ಮಾಡದೆ, ನಿಮಿಷದ ಮುಳ್ಳಿಗೆ ತಾಗದಷ್ಟು ಮಾತ್ರ ತಗ್ಗಿಸಿದ. ರಕ್ತದ ಕಲೆಯ ಸುತ್ತ ಒಣ ಕುಂಚದಿಂದ ಧೂಳು ಸರಿಸಿದ, ಕಲೆಯನ್ನು ಮುಟ್ಟಲಿಲ್ಲ. ತಗ್ಗನ್ನೂ ಸೀಳಿದ ಗಾಜನ್ನೂ ಹಾಗೆಯೇ ಬಿಟ್ಟ.

ನಡುವೆ ಒಂದು ದಿನ, ವಾಚಿಗೆ ಟಿಕ್‌ಟಿಕ್ ಕೊಡುವ ಬ್ಯಾಲೆನ್ಸ್ ಚಕ್ರವನ್ನು ಹೊರತೆಗೆದು ಕಣ್ಣಿಗೆ ಹಿಡಿದವನು ಹಾಗೇ ಕೂತುಬಿಟ್ಟ. ಆ ಚಕ್ರ ತಿರುಗುವುದು ನಡುವಿನ ಅಚ್ಚಿನ ಮೇಲೆ. ಗಡಿಯಾರದವರು ಅದನ್ನು ಸ್ಟಾಫ್ ಎನ್ನುತ್ತಾರೆ. ಅಕ್ಕಿಕಾಳಿಗಿಂತ ಸಣ್ಣದು, ಅದರ ಎರಡು ತುದಿ ಕೂದಲಿಗಿಂತ ತೆಳು. ಇದು ಕಂಪನಿಯದಲ್ಲ, ಯಾರೋ ಪುಟ್ಟ ಲೇತಿನ ಮೇಲೆ ಕೈಯಿಂದ ತಿರುವಿ ಮಾಡಿದ್ದು. ನಲವತ್ತು ವರ್ಷವಾದರೂ ತುದಿ ಸವೆದಿರಲಿಲ್ಲ, ಹೊಳಪು ಮಾಸಿರಲಿಲ್ಲ.

“ಕೈ ಅಂದ್ರ ಇದು ಕೈ,” ಎಂದು ಬಾಯಿಂದ ಬಂದೇಬಿಟ್ಟಿತು. ಆಮೇಲೆ ಆ ಕೈ ಯಾರದೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ. ಇಪ್ಪತ್ತರ ಹರೆಯದಲ್ಲೇ ಶಾಕೀರ್ ಇಂಥ ಸ್ಟಾಫ್ ತಿರುವಿದ್ದನೇ? ಹಾಗಾದರೆ ಉಸ್ತಾದರು ಶಭಾಷ್ ಅಂದದ್ದು ನ್ಯಾಯವೇ. ಸೂಗಪ್ಪನಿಗೆ ಎಲ್ಲಕ್ಕಿಂತ ತಡೆಯಲಾಗದೆ ಹೋದದ್ದು ಆ ನ್ಯಾಯ. ಅನ್ಯಾಯವಾಗಿದ್ದರೆ ಇನ್ನೊಂದಿಪ್ಪತ್ತು ವರ್ಷ ಸುಖವಾಗಿ ಉರಿಯಬಹುದಿತ್ತು.

ಸ್ಟಾಫನ್ನೇ ಬದಲಾಯಿಸಿಬಿಡಲೇ ಎಂದು ಒಂದು ಮನಸ್ಸಾಯಿತು. ಕೈ ಬರಲಿಲ್ಲ. ಅಷ್ಟು ಚೆಂದದ ಕೆಲಸ ಅದು. ಆ ಸಿಟ್ಟು ಹೋಗಿ ಮುಚ್ಚಳದ ಮೇಲೆ ಕೂತಿತು.

ಒಂದು ಮಂಗಳವಾರ ಮಧ್ಯಾಹ್ನ, ಕರೆಂಟ್ ಹೋಗಿ ಓಣಿಯವರೆಲ್ಲ ಉಣ್ಣಲು ಹೋಗಿದ್ದಾಗ, ಸೂಗಪ್ಪ ಕಡ್ಡಿಯ ತುದಿಗೆ ಹೊಳಪಿನ ಮುಲಾಮು ಹಚ್ಚಿಕೊಂಡ. ಹೊರಗಿನದನ್ನು ನಾನು ಏನೂ ಅಳಿಸಿಲ್ಲ, ಒಳಗಿನದು ಟೀಚರಮ್ಮನಿಗೆ ಕಾಣುವುದೇ ಇಲ್ಲ ಎಂದು ತನಗೆ ತಾನೇ ವಕೀಲನಾದ. ಉಸ್ತಾದರ ಅರ್ಧಚಂದ್ರಕ್ಕೆ ತಾಗದಂತೆ ಬೆರಳು ಅಡ್ಡ ಹಿಡಿದು, ಕೆಳಗಿನ ಸಾಲನ್ನು ಉಜ್ಜಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕರೆಂಟ್ ಬರುವಷ್ಟರಲ್ಲಿ ಮೂರು ಚುಕ್ಕೆಗಳೂ ಹೋಗಿ ಆ ಜಾಗ ಬೋಳಾಗಿ ಹೊಳೆಯುತ್ತಿತ್ತು. ತನ್ನ ಗುರುತನ್ನು ಅವನು ಆಗಲೇ ಗೀರಲಿಲ್ಲ. ಶಾಕೀರನ ಎದುರಿಗೇ, ಅದೇ ಜಾಗದಲ್ಲಿ ಗೀರಬೇಕೆಂದು ಸೂಜಿಯನ್ನೂ ಕಣ್ಣಿಗೆ ಹಾಕುವ ಭೂತಗನ್ನಡಿಯನ್ನೂ ಜೇಬಿಗಿಟ್ಟುಕೊಂಡ.

ಮಾರನೆಯ ದಿನ ಲಿಂಗಸುಗೂರಿನ ಬಸ್ಸು ಹತ್ತಿದ. ಜೇಬಿನಲ್ಲಿ ವಾಚು ಟಿಕ್‌ಟಿಕ್ ಎನ್ನುತ್ತಿತ್ತು. ಮಸ್ಕಿಯಲ್ಲಿ ಬಸ್ಸು ನಿಂತಾಗ ಇಳಿದು ಭಾಗ್ಯಶ್ರೀಗೆ ಕೊಟ್ಟುಬಿಡುವುದೇ ಸರಿಯಾದ ಕೆಲಸವಾಗಿತ್ತು. ಸೂಗಪ್ಪ ಕಿಟಕಿಯ ಆಚೆ ಮುಖ ತಿರುಗಿಸಿಕೊಂಡು ಕೂತ.

ಶಾಕೀರ್ ಅಂಗಡಿಯಲ್ಲಿ ಒಬ್ಬನೇ ಇದ್ದ. ಇವನನ್ನು ಕಂಡು ಎದ್ದು ನಿಂತು, “ಬಾ ಸೂಗ್ಯಾ,” ಎಂದ. ಚಹಾ ತರಿಸಿದ. ಅವನ ಗ್ಲಾಸು ಅರ್ಧವೇ ತುಂಬಿತ್ತು, ಆ ಅರ್ಧವೂ ತುಟಿಗೆ ಮುಟ್ಟುವಷ್ಟರಲ್ಲಿ ಅಂಗಿಯ ಮೇಲೆ ಚೆಲ್ಲಿತು. ಎರಡೂ ಕೈ ನಡುಗುತ್ತಿದ್ದವು. ವಿಡಿಯೋದಲ್ಲಿ ಇದು ಇರಲಿಲ್ಲ.

“ಯಾವಾಗಿಂದಲೇ ಇದು?”

“ವರ್ಷ ಆತು. ಅಂಗಡಿ ತಗೀತೀನಿ, ಕೂಡ್ತೀನಿ, ಬಂದವರ್ನ ಬ್ಯಾರೆ ಕಡಿ ಕಳಸ್ತೀನಿ.”

ಸೂಗಪ್ಪನಿಗೆ ಹಿಗ್ಗಬೇಕೆನಿಸಿತು, ಹಿಗ್ಗು ಬರಲಿಲ್ಲ. ಸುಮ್ಮನೆ ವಾಚು ತೆಗೆದು ಮುಂದಿಟ್ಟ. ಶಾಕೀರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿ ಕೂತ.

“ನಿನ್ನೆ ಮಾಡಿದಂಗ ನಡದದ,” ಎಂದ. “ಮುಚ್ಚಳ ತಗಿ. ನನ್ನ ಕೈಲೆ ಆಗಂಗಿಲ್ಲ.”

ಸೂಗಪ್ಪ ತೆಗೆದು ತೋರಿಸಿದ. ಈ ಗಳಿಗೆಗಾಗಿಯೇ ಬಂದಿದ್ದ. ಶಾಕೀರ್ ಬಗ್ಗಿ ನೋಡಿದ, ಇನ್ನೂ ಬಗ್ಗಿದ.

“ಇಲ್ಲಿದ್ದ ಸಾಲು?”

“ಜಂಗ್ ತಿಂದಿತ್ತು. ಹೋತು.”

“ಜಂಗ್ ಹಿಡಿಯೋ ಲೋಹ ಅಲ್ಲಲೇ ಅದು. ನಿನಗ ಗೊತ್ತದ, ನನಗ ಗೊತ್ತದ.” ಶಾಕೀರ್ ತಲೆಯೆತ್ತಿದ. “ಏನಿತ್ತಂತ ಓದಿದ್ದೇನು?”

“ನನಗೆಲ್ಲಿ ಉರ್ದು ಓದಾಕ ಬರ್ತದ? ನಿನ್ನ ಅಕ್ಷರ ಇತ್ತು, ಅಷ್ಟು ಸಾಕಾತು.”

ಶಾಕೀರ್ ಬೋಳಾದ ಜಾಗದ ಮೇಲೆ ಬೆರಳಿಟ್ಟ. ಆಮೇಲೆ ಪಾಠ ಒಪ್ಪಿಸುವವನಂತೆ ಹೇಳಿದ: “ಸ್ಟಾಫ್ ತಿರುವಿದಾವ ಸೂಗಪ್ಪ. ಜೋಡಿಸಿದಾವ ಶಾಕೀರ್. ಅಷ್ಟ ಇತ್ತು. ಉಸ್ತಾದರ ಸ್ವಂತ ಕೈಲೆ ಬರದದ್ದು.”

ಸೂಗಪ್ಪ ಮುಚ್ಚಳವನ್ನು ನೋಡಿದ. ಅಲ್ಲಿ ಓದಲು ಏನೂ ಇರಲಿಲ್ಲ.

“ಕಾಗದದಾಗ ಮುರಿದ ತುಂಡು ಕಟ್ಟಿ ಕೊಟ್ಟಿದ್ರಲ್ಲ, ಅದು ಈ ವಾಚಿಂದ,” ಎಂದ ಶಾಕೀರ್. “ನೀ ಮಾಡಿ ಕೊಟ್ಟು ನಿಮ್ಮಕ್ಕನ ಮದಿವಿಗೆ ಬಳಗಾನೂರಿಗೆ ಹೋದಿ. ಉಸ್ತಾದ್ರು ಅದನ್ನ ಕಣ್ಣಿಗೆ ಹಿಡಿದು ಶಭಾಷ್ ಅಂದ್ರು. ನನಗ ತೋರಿಸಿ, ಹಿಂಗ ಮಾಡಬೇಕಲೇ ಅಂದ್ರು. ಮುಚ್ಚಳದಾಗ ನಿನ್ನ ಹೆಸರ ಮೊದಲ ಬರದ್ರು, ನನ್ನದು ಹಿಂದ. ಹೊಟ್ಟಿಗೆ ಬೆಂಕಿ ಬಿದ್ದಂಗಾತು ನನಗ. ನೀ ಬಂದ ಮ್ಯಾಲ ಹೇಳಬೇಕಿತ್ತು. ಹೇಳ್ಲಿಲ್ಲ. ನಲವತ್ತು ವರ್ಷ ಹೇಳ್ಲಿಲ್ಲ. ಈ ಟೀಚರಮ್ಮ ತಂದಾಗ ತಗ್ಗು ನೋಡಿ ಗುರುತ ಹಿಡದೆ. ಬಾಯಿಲೆ ಹೇಳಾಕ ನಾಚಿಕಿ. ನೀನ ನೋಡ್ಕೋ ಅಂತ ಕಳಸಿದೆ.”

ಮೂರು ವಾರ ತಾನು ಹೊಟ್ಟೆ ಉರಿದುಕೊಂಡದ್ದು ತನ್ನದೇ ಕೈಗೆಲಸಕ್ಕೆ ಎಂಬುದು ಸೂಗಪ್ಪನಿಗೆ ನಿಧಾನವಾಗಿ ಹೊಳೆಯಿತು. ಜೀವಮಾನವೆಲ್ಲ ಕಾದ ಒಂದು ಮಾತು ನಲವತ್ತು ವರ್ಷ ಈ ಮುಚ್ಚಳದೊಳಗೆ ಭದ್ರವಾಗಿ ಕೂತಿತ್ತು. ಲಡಾಯಿಯಿಂದ ಬಂದ ವಾಚು ಅದನ್ನು ಕಾಪಾಡಿಕೊಂಡಿತ್ತು. ಅವನು ನಿನ್ನೆ ಮಧ್ಯಾಹ್ನ ಊಟ ಬಿಟ್ಟು ಕೂತು ಅದನ್ನೇ ಉಜ್ಜಿದ್ದ.

“ಮತ್ತ ಬರಿ,” ಎಂದ. ಮುಚ್ಚಳವನ್ನು ಅವನ ಮುಂದೆ ಸರಿಸಿದ. “ನಿನಗ ಬಾಯಿಪಾಠ ಅದ. ಅದ ಜಾಗದಾಗ ಬರಿ ಶಾಕೀರಾ.”

ಶಾಕೀರ್ ಕೈಯೆತ್ತಿ ತೋರಿಸಿದ. ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗುತ್ತಿದ್ದವು. “ಬರ್ಯಾಕ ಕೈ ಇಲ್ಲ. ಕೈ ಇದ್ರೂ ಬರೀತಿದ್ದಿಲ್ಲ. ಉಸ್ತಾದರ ಅಕ್ಷರ ನಾ ಬರದ್ರ ಸುಳ್ಳಾಗ್ತದ. ನೀ ಬರದ್ರೂ ಸುಳ್ಳ.”

ಅಂಗಡಿಯ ಗೋಡೆಯ ಮೇಲೆ ಏಳೆಂಟು ಗಡಿಯಾರ ತಮ್ಮ ತಮ್ಮ ಸಮಯ ತೋರಿಸುತ್ತಿದ್ದವು. ಸೂಗಪ್ಪ ಮುಚ್ಚಳವನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಜೇಬಿನಿಂದ ಸೂಜಿ ತೆಗೆದು, ಬೋಳು ಮಾಡಿದ ಜಾಗದಲ್ಲಿ ಬರೆಯತೊಡಗಿದ. ಸಣ್ಣ ಅಕ್ಷರ, ಅರ್ಧ ಗಂಟೆ ಹಿಡಿಯಿತು. ಶಾಕೀರ್ ಓದಿದ. ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದು ಬಂದ.

ಸೂಗಪ್ಪ ಮಸ್ಕಿಯಲ್ಲಿ ಇಳಿದಾಗ ಶಾಲೆ ಬಿಡುವ ಹೊತ್ತು. ಭಾಗ್ಯಶ್ರೀ ಗೇಟಿನ ಹತ್ತಿರ ಬಂದು ವಾಚು ತೆಗೆದುಕೊಂಡಳು. ತಗ್ಗು ಮುಟ್ಟಿದಳು, ಕಲೆ ನೋಡಿದಳು, ಕಿವಿಗೆ ಹಿಡಿದಳು. ಕಣ್ಣು ತುಂಬಿ, “ಎಲ್ಲಾ ಹಂಗ ಅದರೀ ಕಾಕಾ,” ಎಂದಳು.

“ಎಲ್ಲಾ ಇಲ್ಲವ್ವ,” ಎಂದು ಸೂಗಪ್ಪ ತಾನಾಗಿಯೇ ಮುಚ್ಚಳ ತೆಗೆದು, ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟ.

ಕನ್ನಡದ ಟೀಚರು, ತಡವರಿಸದೆ ಓದಿದಳು: ‘ಇಲ್ಲಿ ಉಸ್ತಾದರ ಒಂದು ಸಾಲಿತ್ತು. ಹೊಟ್ಟೆಕಿಚ್ಚಿಗೆ ಅಳಿಸಿದೆ. ಸೂಗಪ್ಪ, ೨೦೨೫.’

ಆ ಸಾಲಿನಲ್ಲಿ ಏನಿತ್ತೆಂದು ಅವಳು ಕೇಳಿದಳು, ಅವನು ಹೇಳಿದ. ಮಾತು ಕೊಟ್ಟು ತಪ್ಪಿದೆ ಎಂದೂ ಹೇಳಿದ. ಅವಳು ಮುಚ್ಚಳವನ್ನು ತಾನೇ ಒತ್ತಿ ಮುಚ್ಚಿದಳು. ಮುಖ ಬಿಗಿದಿತ್ತು.

“ಶೆಲ್ ಒಗದಾವ ಹೆಸರ ಬರದು ಹೋಗಿದ್ದಿಲ್ರಿ,” ಎಂದಳು ಕಡೆಗೆ. “ನೀವು ಬರದೀರಿ.”

ಅದು ಕ್ಷಮೆಯೋ ಬೈಗುಳವೋ ಸೂಗಪ್ಪನಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಅವಳು ಅಪ್ಪನ ವಾಚನ್ನು ಕೈಗೆ ಕಟ್ಟಿಕೊಂಡು ಮನೆಯ ಕಡೆ ನಡೆದಳು. ಅವನು ರಸ್ತೆ ದಾಟಿ ಸಿಂಧನೂರಿನ ಬಸ್ಸಿಗೆ ಕಾಯುತ್ತ ನಿಂತ.