ಮಲ್ಲಾಜಮ್ಮನ ಕಾಫಿ ಸಾಲು

ಹದಿನಾರು ಎಂಬ ಊರಿನಲ್ಲಿ ಕಾಫಿ ಬೆಳೆಯುತ್ತೇನೆಂದು ಮಲ್ಲಾಜಮ್ಮ ಹೇಳಿದ ದಿನ, ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರೆಲ್ಲ ನಕ್ಕರು. ನಗದೆ ಇನ್ನೇನು ಮಾಡಿಯಾರು? ನಾಲೆ ನೀರಿನ ಬತ್ತದ ಸೀಮೆ ಇದು. ಕಾಫಿ ಎಂದರೆ ಇಲ್ಲಿಯವರು ಕಂಡದ್ದು ಲೋಟದಲ್ಲಿ, ಗಿಡದಲ್ಲಲ್ಲ.

“ಏನ್ ಮಲ್ಲಾಜಮ್ಮಾರೇ, ಮುಂದಿನ್ ವರ್ಸ ಮಡಿಕೇರಿಗೆ ನೀವೇ ಲಾರಿ ಕಳಿಸ್ತೀರಾ?” ಎಂದು ಹಾಲು ಅಳೆಯುವ ಚೆಲುವಯ್ಯ ಕೆಣಕಿದ.

“ಕಳಿಸ್ತೀನಿ ಕಣಯ್ಯ. ನಮ್ ಶ್ವೇತ ಬೆಳೀತದೆ ಅಂದವ್ಳೆ, ಬೆಳೀತದೆ.”

ಶ್ವೇತ ಅಂದಳೆಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಶ್ವೇತ ಮಲ್ಲಾಜಮ್ಮನ ತಮ್ಮನ ಮಗಳು. ತಮ್ಮ ರುದ್ರೇಶನಿಗೆ ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ. ಹೆಂಡತಿ ತೀರಿಕೊಂಡಾಗ ಅವನು ಪುಟ್ಟ ಮಗಳನ್ನು ತಂದು ಅಕ್ಕನ ಮಡಿಲಿಗೆ ಹಾಕಿ ಹೋಗಿದ್ದ. ಹೆತ್ತು ಗೊತ್ತಿಲ್ಲದ ಮಲ್ಲಾಜಮ್ಮ ಆ ಕೂಸಿಗೆ ಎರಡು ಜಡೆ ಹೆಣೆದು, ಹಣೆಗೆ ವಿಭೂತಿ ಇಟ್ಟು, ಸುತ್ತೂರಿನ ಶಾಲೆಗೆ ಬಸ್ಸು ಹತ್ತಿಸುತ್ತಿದ್ದಳು. ಗಂಡ ಹೋದ ಮೇಲಂತೂ ಅವಳಿಗೆ ಲೋಕ ಎಂದರೆ ಶ್ವೇತ, ಶ್ವೇತ ಎಂದರೆ ಲೋಕ. ಕೂಸು ತನ್ನನ್ನು ಅತ್ತೆ ಎನ್ನುವುದು ಬರೀ ಬಾಯಿಮಾತಿಗೆ, ಒಳಗೆ ಅದಕ್ಕೆ ತಾನೇ ತಾಯಿ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ಆ ನಂಬಿಕೆಯೊಂದಿದ್ದರೆ ಬೇರೆ ಆಸ್ತಿ ಅವಳಿಗೆ ಬೇಕಿರಲಿಲ್ಲ.

ಆ ಕೂಸು ಈಗ ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿತ್ತು. ಕಾಫಿ ಎಲೆಗೆ ಬರುವ ತುಕ್ಕು ರೋಗದ ಮೇಲೆ. ರೋಗದ ಮೇಲೂ ಓದುತ್ತಾರಾ ಎಂದು ಯಾರಾದರೂ ಬಾಯಿ ಬಿಟ್ಟರೆ ಮಲ್ಲಾಜಮ್ಮ ಅವರನ್ನು ಕೂರಿಸಿಕೊಂಡು ಹೇಳುವಳು: “ಎಲೆ ಅಡೀಲಿ ಕಿತ್ತಳೆ ಬಣ್ಣದ ಪುಡಿ ಕೂರ್ತದಂತೆ. ಆಮೇಲೆ ಎಲೆ ಎಲ್ಲ ಉದುರಿ ಗಿಡ ಬೋಳಾಯ್ತದಂತೆ. ಆ ರೋಗಕ್ಕೆ ಜಗ್ಗದೇ ಇರೋ ಗಿಡ ಯಾವ್ದು ಅಂತ ನಮ್ ಕೂಸು ಉಡುಕ್ತಾ ಅದೆ.”

ತೆಂಗಿನ ತೋಟದ ನೆರಳು ಬೇಕು ಎಂದು ಶ್ವೇತ ಕೇಳಿದಾಗ ಮಲ್ಲಾಜಮ್ಮ ಯಾತಕ್ಕೆ ಎಂದು ಸಹ ಕೇಳಲಿಲ್ಲ. ಮರಗಳ ನಡುವೆ ಐದು ಸಾಲು ಕಾಫಿ ಸಸಿ ಕೂತವು. ನೆಟ್ಟು ಮುಗಿಸಿದ ದಿನ ಶ್ವೇತ ಅತ್ತೆಯ ಹೆಗಲ ಮೇಲೆ ಕೈ ಹಾಕಿ, “ಆಚೆ ಎರಡು, ಈಚೆ ಎರಡು ನನ್ನವು. ನಟ್ಟನಡುವಿನ ಸಾಲು ನಿಂದು ಅತ್ತೆ. ಯಾವತ್ತಿಗೂ ನಿಂದೇ,” ಎಂದಳು.

ನಡುವಿನ ಸಾಲು! ಪಂಕ್ತಿಯಲ್ಲಿ ಹಿರಿಯರನ್ನು ಕೂರಿಸುವ ಜಾಗ ಅದು ಎಂದುಕೊಂಡು ಮಲ್ಲಾಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಎರಡು ವರ್ಷ ಆ ಸಾಲನ್ನು ಅವಳು ನೋಡಿಕೊಂಡ ಪರಿ ಹೇಳಿ ಮುಗಿಯುವಂಥದ್ದಲ್ಲ. ಬೇಸಿಗೆಯಲ್ಲಿ ಹಸುವಿಗೆ ನೀರಿಡುವ ಮೊದಲು ಅಲ್ಲಿಗೆ ನೀರು. ತಿಪ್ಪೆಯ ಕಳಿತ ಗೊಬ್ಬರ ಕುಕ್ಕೆಯಲ್ಲಿ ಹೊತ್ತು ಅಲ್ಲಿಗೇ. ಉಳಿದ ಸಾಲುಗಳಿಗೂ ಕಡಿಮೆ ಮಾಡಲಿಲ್ಲ, ಆದರೆ ತನ್ನದು ಎಂದಮೇಲೆ ಕೈ ಒಂದು ಹಿಡಿ ಜಾಸ್ತಿಯೇ ಹೋಗುತ್ತದೆ. ಗಿಡಗಳು ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತ ಮೇಲೆದ್ದವು. ನೋಡಲು ಬಂದ ಚೆಲುವಯ್ಯನ ಬಾಯಲ್ಲಿ ಕೊಂಕು ಬರಲಿಲ್ಲ.

ಶ್ವೇತ ಮಳೆಗಾಲದಲ್ಲಿ ಆಗಾಗ್ಗೆ ಬರುವಳು. ಬಂದವಳೇ ಚೀಲ ಇಳಿಸಿ, “ಅತ್ತೆ, ನಿನ್ನ ಕೈಯ ಅಕ್ಕಿರೊಟ್ಟಿ ತಿಂದು ಯಾವ ಕಾಲ ಆಯ್ತು!” ಎನ್ನುವಳು. ಮಲ್ಲಾಜಮ್ಮ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಒಲೆಯ ಮುಂದೆ ಕೂರುವಳು. ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಅರೆದು ಕರೆಯುವಷ್ಟರಲ್ಲಿ ಕೂಸು ತೋಟದ ಕೆಲಸ ಮುಗಿಸಿ ಕೈ ತೊಳೆಯುತ್ತಿರುತ್ತಿತ್ತು.

ಈ ಸಲ ಸೋನೆ ಹಿಡಿದ ಒಂದು ಬೆಳಿಗ್ಗೆ ಮಲ್ಲಾಜಮ್ಮ ತನ್ನ ಸಾಲಿನ ಎಲೆಯೊಂದನ್ನು ಮಗುಚಿ ನೋಡಿ ಹಾಗೇ ನಿಂತಳು. ಅಡಿಯಲ್ಲಿ ಕಿತ್ತಳೆ ಪುಡಿ. ಪಕ್ಕದ ಗಿಡದಲ್ಲೂ ಅದೇ.

ತನ್ನ ಗಿಡ ಹೋದರೆ ಹೋಗಲಿ, ಇದು ಆಚೀಚೆಯ ಸಾಲಿಗೆ ಹತ್ತಿದರೆ ಕೂಸಿನ ಓದಿನ ಗತಿ? ಫೋನು ಮಾಡೋಣವೆಂದರೆ ಧೈರ್ಯ ಬರಲಿಲ್ಲ. ನೆಚ್ಚಿ ಕೊಟ್ಟುಹೋದದ್ದನ್ನು ಕಾಪಾಡಲಾಗಲಿಲ್ಲವಲ್ಲ ಎಂಬ ನಾಚಿಕೆ. ಅವರೆ ಗಿಡಕ್ಕೆ ಹೇನು ಹತ್ತಿದರೆ ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಸೋಸಿ, ಇಬ್ಬನಿ ಆರುವ ಮೊದಲು ಎಲೆಗಳಿಗೆ ಎರಚಿದಳು. ಪುಡಿ ಕೂತ ಎಲೆಗಳನ್ನು ಒಂದೊಂದಾಗಿ ಕಿತ್ತು ಮಡಿಲು ತುಂಬಿಕೊಂಡು ಬಚ್ಚಲ ಒಲೆಗೆ ಹಾಕಿದಳು. ಸೊಂಟ ಬಿದ್ದುಹೋಗುವಂತೆ ನೋಯುತ್ತಿದ್ದರೂ ಒಂದು ದಿನ ಬಿಡಲಿಲ್ಲ. ನಂಜುಂಡಪ್ಪನಿಗೆ ಉರುಳುಸೇವೆಯನ್ನೂ ಹೇಳಿಕೊಂಡಳು. ಕೊನೆಗೆ ಸಾಲು ಚೊಕ್ಕಟವಾಯಿತು.

ಅದಾದ ಮೇಲೆ ಶ್ವೇತ ತನ್ನ ಗೈಡ್ ಮಹೇಂದ್ರ ಅವರನ್ನು ಜೀಪಿನಲ್ಲಿ ಕರೆತಂದಳು. ಒಳ್ಳೆಯ ಮನುಷ್ಯ, ನಗುಮುಖ. ನಡುವಿನ ಸಾಲಿಗೆ ನೇರ ನಡೆದು ಎಲೆ ಮಗುಚಿದರು. ಇನ್ನೊಂದು ಮಗುಚಿದರು. ಮುಖ ಗಂಟಿಕ್ಕಿತು.

“ಶ್ವೇತ, ತುಕ್ಕು ಎಲ್ಲಮ್ಮ? ಏನಿದು ಎಲೆ ಮೇಲೆಲ್ಲ ಬೂದಿ?”

ಮಲ್ಲಾಜಮ್ಮ ಮುಂದೆ ಬಂದಳು. ಹೊಗಳಿಕೆಗೆ ಕಾದ ಮಗುವಿನ ಮುಖ ಆಗ ಅವಳದು. “ಬಂದಿತ್ತು ಸಾ. ಕೂಸು ಎದರ್ಕೊಂಡದು ಅಂತ ಏಳಿರ್ಲಿಲ್ಲ. ನಾನೇ ಓಡಿಸ್ದೆ.”

“ಅಯ್ಯೋ ಅಮ್ಮಾ! ಈ ಸಾಲಿಗೆ ರೋಗ ಬರಲೇಬೇಕಿತ್ತಲ್ಲ,” ಎಂದರು ಮಹೇಂದ್ರ. “ಇದು ಬೇಗ ತುಕ್ಕು ಹಿಡಿಯೋ ಜಾತಿ. ರೋಗಕ್ಕೇ ಅಂತ ನಡುವೆ ಇಟ್ಟಿರೋದು. ಇಲ್ಲಿಂದ ಎರಡೂ ಕಡೆ ಹಾರಿದ್ರೆ ತಾನೇ ಆ ಗಿಡಗಳು ತಡ್ಕೋತಾವೋ ಇಲ್ವೋ ಗೊತ್ತಾಗೋದು? ಎಲ್ಲ ನಿಮಗೆ ಹೇಳಿದೀನಿ ಅಂದಿದ್ಲಲ್ಲ ಶ್ವೇತ?”

ಮಹೇಂದ್ರ ಒಬ್ಬರ ಮುಖ ನೋಡಿದರು, ಇನ್ನೊಬ್ಬರ ಮುಖ ನೋಡಿದರು, ಆಮೇಲೆ ಫೋನು ಬಂತೆಂದು ಜೀಪಿನ ಕಡೆ ಹೋದರು. ಫೋನೇನೂ ಬಂದಿರಲಿಲ್ಲ.

“ಯಾಕತ್ತೆ ಮುಟ್ಟೋಕೆ ಹೋದೆ?” ಎಂದು ಶ್ವೇತಳೇ ಮೊದಲು ಸಿಡಿದಳು. “ನನಗೊಂದು ಮಾತು ಕೇಳಬಾರದಿತ್ತಾ?”

ಎಂಥ ಮಾತು ನೋಡಿ! ಕೇಳಬೇಕಾದವಳು ಯಾರು, ಹೇಳಬೇಕಾದವಳು ಯಾರು.

“ಆ ಪುಡಿ ತಂದಾಕ್ದೋರು ಯಾರು?”

“ನಾನೇ. ಕೊಡಗಿಂದ ತಂದು ಬ್ರಷ್‌ನಲ್ಲಿ ಹಚ್ಚಿದ್ದು.”

“ಯಾವಾಗ?”

ಶ್ವೇತಳ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಉತ್ತರ ಮಲ್ಲಾಜಮ್ಮನಿಗೇ ಹೊಳೆಯಿತು. “ನಾನು ರೊಟ್ಟಿ ತಟ್ತಿದ್ದಾಗ.”

“ಹೇಳಿದ್ರೆ ನೀನು ಬಿಡ್ತಾ ಇರಲಿಲ್ಲ ಅತ್ತೆ. ಗಿಡದ ತುಂಬ ಎಲೆ ಇದ್ರೇನೇ ರೋಗ ಚೆನ್ನಾಗಿ ಹತ್ತೋದು. ನಿನ್ನ ಥರ ಯಾರು ನೋಡ್ಕೋತಿದ್ರು? ನಿಂದು ಅಂದ್ರೇನೇ ನೀನು ಅಷ್ಟು ಆಸ್ಥೆ ಮಾಡೋದು, ನನಗೆ ಗೊತ್ತಿಲ್ವಾ?”

“ಮಾರಿಗೆ ಬಿಟ್ಟ ಕುರಿ ಮೇಯಿಸ್ದಂಗೆ ಮೇಯಿಸ್ದೆ ಅನ್ನು.”

“ಹಂಗನ್ನಬೇಡ. ಇದು ಸರಿಹೋದ್ರೆ ಸಾವಿರಾರು ಜನರ ತೋಟ ಉಳಿಯುತ್ತೆ. ಇಲ್ಲಿ ಸುತ್ತಮುತ್ತ ಕಾಫಿಯೇ ಇಲ್ಲ, ರೋಗ ಹಾರಿದ್ರೂ ಯಾರಿಗೂ ನಷ್ಟ ಇಲ್ಲ ಅಂತಾನೇ ಈ ಜಾಗ ಆರಿಸಿದ್ದು.”

“ಯಾರ್ಗೂ ಇಲ್ವ?”

ಶ್ವೇತಳ ಕಣ್ಣು ಮೋಡದ ಮೇಲಿತ್ತು. “ಇನ್ನೂ ಮಳೆ ಇದೆ ಅತ್ತೆ. ಜೀಪಿನಲ್ಲಿ ಪುಡಿ ಇದೆ. ಎಲೆ ತೊಳೆದು ಇವತ್ತೇ ಹಚ್ಚಿದ್ರೆ ಈ ವರ್ಷ ಉಳಿಯುತ್ತೆ. ದಮ್ಮಯ್ಯ ಅಂತೀನಿ.”

ಮಲ್ಲಾಜಮ್ಮನಿಗೆ ಹೊಟ್ಟೆ ಉರಿಯಿತು. ಗಿಡಕ್ಕಲ್ಲ. ಇಪ್ಪತ್ತು ವರ್ಷ ಎದೆಗವಚಿಕೊಂಡು ಸಾಕಿದ ಜೀವ ತನ್ನ ಅಕ್ಕರೆಯನ್ನು ಗೊಬ್ಬರದ ಲೆಕ್ಕಕ್ಕೆ ಹಿಡಿದಿತ್ತಲ್ಲ, ಅದಕ್ಕೆ. ಮೋಸ ಹೋದೆ, ಅದೂ ಒಲೆ ಮುಂದೆ ಕೂತು ನಗುನಗುತ್ತಾ ಮೋಸ ಹೋದೆ ಎಂದು ಒಳಗೇ ಕುದಿದಳು. ಆದರೂ ಆಸೆ ನೋಡಿ, ಅದು ಸಾಯುವುದಿಲ್ಲ. ಮರೆಯಲ್ಲಿ ಮಾಡಿದ್ದನ್ನು ಕಣ್ಣೆದುರಿಗೆ ಮಾಡಲು ಈ ಕೂಸಿನ ಕೈಲಾಗದು ಎಂದು ಮನಸ್ಸಿನ ಒಂದು ಮೂಲೆ ಹೇಳಿತು.

“ಅಚ್ಚು ಆ ಪುಡೀನ. ಈ ಸಲ ನಾನು ಒಳೀಕೆ ಓಗಕ್ಕಿಲ್ಲ. ನನ್ ಕಣ್ ಮುಂದೇನೇ ಅಚ್ಚು.”

ಶ್ವೇತ ಓಡಿಹೋಗಿ ಪುಡಿಯ ಡಬ್ಬಿ ತಂದಳು. ಎಲೆಗಳ ಬೂದಿ ತೊಳೆದಳು. ಮಲ್ಲಾಜಮ್ಮ ತೆಂಗಿನ ಮರಕ್ಕೆ ಒರಗಿ ನಿಂತು ನೋಡಿದಳು. ಮೊದಲ ಎಲೆ ಮಗುಚಿ ಶ್ವೇತ ಬ್ರಷ್ ಆಡಿಸಿದಳು. ಈಗ ನಿಲ್ಲಿಸುತ್ತಾಳೆ, ಈಗ ಇತ್ತ ತಿರುಗುತ್ತಾಳೆ ಎಂದು ಮಲ್ಲಾಜಮ್ಮ ಕಾದಳು. ಎರಡನೆಯ ಗಿಡ ಆಯಿತು. ಒಂದು ಎಲೆಯಲ್ಲಾದರೂ ಕೈ ತಡೆದೀತು, ಒಂದು ಹನಿಯಾದರೂ ಕಣ್ಣಲ್ಲಿ ಬಂದೀತು ಎಂದು ಕಾದಳು. ಶ್ವೇತ ಮೂರನೆಯ ಗಿಡಕ್ಕೆ ಬಗ್ಗಿದಳು. ಮಲ್ಲಾಜಮ್ಮ ಅವಳ ಜಡೆ ಹೆಣೆಯುತ್ತಿದ್ದಾಗ ಎಷ್ಟು ಶ್ರದ್ಧೆ ಇರುತ್ತಿತ್ತೋ ಅಷ್ಟೇ ಶ್ರದ್ಧೆಯಿಂದ ಅವಳು ಒಂದು ಎಲೆಯನ್ನೂ ಬಿಡದೆ ಸಾಲಿನ ತುದಿ ಮುಟ್ಟಿದಳು.

ಡಬ್ಬಿ ಮುಚ್ಚಿ ನಿಟ್ಟುಸಿರು ಬಿಟ್ಟಾಗ ಅವಳ ಮುಖದಲ್ಲಿ ಇದ್ದದ್ದು ನೆಮ್ಮದಿ. “ಸಂಜೆ ಎಲೆ ಒದ್ದೆಯಾಗೋ ಹಂಗೆ ನೀರು ಚಿಮುಕಿಸು ಅತ್ತೆ. ಮರೀಬೇಡ,” ಎಂದಳು, ಎಂದಿನ ದನಿಯಲ್ಲಿ.

ಮಲ್ಲಾಜಮ್ಮ ಮರ ಬಿಟ್ಟು ನೆಟ್ಟಗೆ ನಿಂತಳು.

“ಅದಕ್ಕೆ ಬ್ಯಾರೆ ಯಾರ್ನಾದ್ರೂ ನೋಡ್ಕೊ ಕೂಸೆ. ಈ ಸಾಲೂ ನಿಂದೇ, ತಗೊ. ಇನ್ಮೇಲೆ ನಂದು ಅಂತ ನಂಗೇನೂ ಕೊಡಬ್ಯಾಡ.”